ಕರ್ನಲ್ ಹಾಬ್ಡೇಯ ಕುದುರೆ ಮತ್ತು ಛತ್ರಿ ತೆರಿಗೆ

ಸರ್ ಆಂಬ್ರೋಸ್ ಟಿಲ್ಬರಿ ಇಂಗ್ಲೆಂಡಿನ ಪ್ರಧಾನಿಯಾದದ್ದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಆಮೇಲೆ ನಡೆದದ್ದನ್ನು ಕೇಳಿ ಜನ ಆ ಬಡಪಾಯಿಯನ್ನು ಸುಮ್ಮನೆ ಬೈಯುತ್ತಾರೆ.

ಅವರು ಪಾರ್ಲಿಮೆಂಟಿಗೆ ಬಂದಾಗ ವಯಸ್ಸು ಇಪ್ಪತ್ತೇಳು. ಮಡ್‌ವಿಕ್ ಎಂಬ ಅವರ ಕ್ಷೇತ್ರದಲ್ಲಿ ಆಗ ಇದ್ದದ್ದು ಒಟ್ಟು ಹತ್ತೊಂಬತ್ತು ಮತದಾರರು. ಅವರಲ್ಲಿ ಹದಿನೇಳು ಮಂದಿ ಸರ್ ಆಂಬ್ರೋಸರ ಸೋದರಮಾವನ ಗೇಣಿದಾರರು, ಹದಿನೆಂಟನೆಯವನು ಖುದ್ದು ಸೋದರಮಾವ, ಹತ್ತೊಂಬತ್ತನೆಯವರು ಕಿವಿ ಕೇಳಿಸದ ಪಾದ್ರಿ. ಚುನಾವಣೆ ಅಂತೊಂದು ನಡೆಯುತ್ತಿದೆ ಎಂಬುದೇ ಪಾದ್ರಿಗೆ ಗೊತ್ತಿರಲಿಲ್ಲ. ಆಮೇಲೆ ಕಾನೂನು ಬದಲಾಗಿ ಮತದಾರರ ಸಂಖ್ಯೆ ನಾಲ್ಕು ನೂರಕ್ಕೆ ಏರಿತು. ಅವರೂ ಅಭ್ಯಾಸಬಲದಿಂದ ಸರ್ ಆಂಬ್ರೋಸರನ್ನೇ ಆರಿಸಿ ಕಳಿಸುತ್ತಿದ್ದರು.

ಹೀಗೆ ಮೂವತ್ತೆರಡು ವರ್ಷ ಅವರು ಸಭೆಯಲ್ಲಿ ಕೂತರು. ಒಂದು ಭಾಷಣವನ್ನೂ ಮಾಡಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ನಂಬಿ ಅಲ್ಲ, ಹೇಳುವುದಕ್ಕೆ ಏನೂ ಹೊಳೆಯುತ್ತಿರಲಿಲ್ಲ, ಅಷ್ಟೆ. ಅವರ ಪಕ್ಷದಲ್ಲಿ ಇಬ್ಬರು ಹುಲಿಗಳಿದ್ದರು. ಒಬ್ಬ ಪ್ರಧಾನಿಯಾದರೆ ಇನ್ನೊಬ್ಬ ಪಕ್ಷ ಬಿಡುವವನು. ಆರು ದಿನ ಕಚ್ಚಾಡಿದರು. ಏಳನೆಯ ದಿನ, ಯಾರನ್ನೂ ಬೈಯದ, ಯಾರಿಂದಲೂ ಬೈಸಿಕೊಳ್ಳದ ಒಬ್ಬ ಮನುಷ್ಯ ಪಕ್ಷದಲ್ಲಿ ಇದ್ದಾನೆಯೇ ಎಂದು ಹುಡುಕಿದಾಗ, ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ ಸರ್ ಆಂಬ್ರೋಸ್ ಸಿಕ್ಕಿದರು. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಅನ್ನುತ್ತಾರಲ್ಲ, ಇದು ಅದೇ. ಮೂರನೆಯವನಿಗೆ ಎಚ್ಚರವಿರಲಿಲ್ಲ ಎಂಬುದೊಂದೇ ವ್ಯತ್ಯಾಸ.

ಪ್ರಧಾನಿಯಾದ ಮೇಲೆ ಬಾಯಿ ಬಿಡದೆ ವಿಧಿಯಿರಲಿಲ್ಲ. ಅದಕ್ಕೂ ಅವರು ದಾರಿ ಕಂಡುಕೊಂಡರು. ಯಾರಾದರೂ ಪ್ರಶ್ನೆ ಕೇಳಿದರೆ ಎದ್ದು ನಿಲ್ಲುವರು, ಜೇಬಿನಿಂದ ಒಂದು ಕಾಗದ ತೆಗೆದು ಬಿಡಿಸುವರು, ಅದನ್ನು ಬಹಳ ಹೊತ್ತು ನೋಡುವರು, ಕೊನೆಗೆ “ಪರಿಶೀಲನೆಯಲ್ಲಿದೆ” ಎಂದು ಕೂರುವರು. ಆ ಕಾಗದ ಅಗಸಗಿತ್ತಿ ಬರೆದುಕೊಟ್ಟ ಬಟ್ಟೆಗಳ ಪಟ್ಟಿ. ಆದರೆ ಪತ್ರಿಕೆಗಳು ಇಂಥ ಆಳವಾದ ಮನುಷ್ಯನನ್ನು ದೇಶ ಬಹಳ ಕಾಲದಿಂದ ಕಂಡಿರಲಿಲ್ಲ ಎಂದು ಬರೆದವು.

ಪತ್ರಿಕೆ ಏನು ಬರೆದರೂ ಸರ್ ಆಂಬ್ರೋಸರಿಗೆ ಲೆಕ್ಕಕ್ಕಿರಲಿಲ್ಲ. ಅವರಿಗೆ ಬೇಕಾದದ್ದು ಒಂದೇ, ಅದು ಬೆಳಗಿನ ತಿಂಡಿಯ ಮೇಜಿನ ಮೇಲಿತ್ತು.

ಅವರ ಹೆಂಡತಿ ಹೆನ್ರಿಯೆಟಾ ನೌಕಾಪಡೆಯ ದೊಡ್ಡ ಅಧಿಕಾರಿಯೊಬ್ಬರ ಮಗಳು. ಮದುವೆಯ ದಿನವೇ ಆ ಮಾವ ನೆಂಟರ ನಡುವೆ ನಿಂತು, ಈ ಅಳಿಯ ಮನೆಯೊಳಗೆ ಬಿಚ್ಚಿಟ್ಟ ಛತ್ರಿಯ ಹಾಗೆ, ಜಾಗ ತಿನ್ನುತ್ತಾನೆ, ಉಪಯೋಗಕ್ಕೆ ಬರುವುದಿಲ್ಲ ಎಂದಿದ್ದರು. ಹೆನ್ರಿಯೆಟಾ ನಗಲೂ ಇಲ್ಲ, ಅಲ್ಲವೆಂದು ಹೇಳಲೂ ಇಲ್ಲ. ಅಲ್ಲಿಂದ ಮೂವತ್ತೊಂದು ವರ್ಷ ಮನೆಯ ಪರದೆಯ ಬಣ್ಣದಿಂದ ಹಿಡಿದು ಮಕ್ಕಳ ಶಾಲೆಯವರೆಗೆ, ಗಂಡನ ಕೋಟಿನ ಗುಂಡಿಯವರೆಗೆ, ಎಲ್ಲವನ್ನೂ ಆಕೆಯೇ ತೀರ್ಮಾನಿಸಿದಳು. ಕೆಟ್ಟ ಹೆಂಗಸಲ್ಲ. ಕೇಳಿದರೂ ಗಂಡ ಹೂಂ ಅನ್ನುತ್ತಾನೆ, ಕೇಳದಿದ್ದರೂ ಹೂಂ ಅನ್ನುತ್ತಾನೆ, ಮತ್ತೆ ಕೇಳುವುದು ಯಾಕೆ ಎಂದು ಬಿಟ್ಟಿದ್ದಳು.

ಹೀಗಿರುವಾಗ, ಸರ್ ಆಂಬ್ರೋಸ್ ಅರಮನೆಗೆ ಹೋಗಿ ಪದ್ಧತಿಯಂತೆ ರಾಣಿಯ ಕೈಗೆ ಮುತ್ತಿಟ್ಟು ಪ್ರಧಾನಿಯಾಗಿ ಬಂದ ಮರುದಿನ ಬೆಳಿಗ್ಗೆ, ಹೆನ್ರಿಯೆಟಾ ಪತ್ರಿಕೆಯಿಂದ ತಲೆಯೆತ್ತಿ ಕೇಳಿದಳು.

“ಫ್ರಾನ್ಸಿನವರು ಮತ್ತೆ ಏನೋ ಕ್ಯಾತೆ ತೆಗೀತಿದಾರಂತೆ. ನಿಮಗೇನನ್ನಿಸುತ್ತೆ?”

ಸರ್ ಆಂಬ್ರೋಸರ ಕೈಯಿಂದ ಚಮಚ ಜಾರಿ ಮೊಟ್ಟೆಯೊಳಗೆ ಬಿತ್ತು. ಮೂವತ್ತೊಂದು ವರ್ಷದಲ್ಲಿ ಈ ಮಾತು ಅವರ ಕಿವಿಗೆ ಬಿದ್ದದ್ದು ಅದೇ ಮೊದಲು. ಏನೋ ಗೊಣಗಿದರು. ಆಕೆ ಅದನ್ನೂ ತಲೆಯಾಡಿಸಿ ಕೇಳಿಸಿಕೊಂಡಳು. ಅವತ್ತಿನಿಂದ ಕಂದು ಬಣ್ಣದ ಮೊಟ್ಟೆ ಅವರ ತಟ್ಟೆಗೇ ಬರತೊಡಗಿತು, ಟೀ ಮೊದಲು ಅವರ ಬಟ್ಟಲಿಗೇ ಬೀಳತೊಡಗಿತು. ಹನ್ನೊಂದು ವಾರವಾಯಿತು. ಪ್ರತಿ ಬೆಳಿಗ್ಗೆ ಒಂದು “ನಿಮಗೇನನ್ನಿಸುತ್ತೆ”. ಸರ್ ಆಂಬ್ರೋಸರಿಗೆ ಸಾಮ್ರಾಜ್ಯ ಬೇಡವಾಗಿತ್ತು, ಬಿರುದು ಬೇಡವಾಗಿತ್ತು. ಪ್ರಧಾನಿ ಪದವಿ ಹೋದರೆ ಈ ಮೂರು ಗಳಿಗೆಯ ಸುಖವೂ ಹೋಗುತ್ತದಲ್ಲ ಎಂಬ ಭಯ ಮಾತ್ರ ಬಿಡದೆ ಕಾಡುತ್ತಿತ್ತು.

ಆ ಭಯ ನಿಜವಾಗುವ ಕಾಲ ಬಂದದ್ದು ಛತ್ರಿ ತೆರಿಗೆಯಿಂದ. ಖಜಾನೆ ಬರಿದಾಗಿತ್ತು. ಪಕ್ಷದ ಹುಲಿಗಳಲ್ಲೊಬ್ಬನಿಗೆ, ಲಂಡನ್ನಿನಲ್ಲಿ ಹೇಗೂ ದಿನಾ ಮಳೆ, ಒಂದೊಂದು ಛತ್ರಿಗೆ ವರ್ಷಕ್ಕೆ ಒಂದು ಪೆನ್ನಿ ಹಾಕಿದರೆ ಯಾರಿಗೂ ನೋವಾಗುವುದಿಲ್ಲ ಎಂಬ ಮಹಾಬುದ್ಧಿ ಹೊಳೆಯಿತು. ನೋವಾಯಿತು. ಊರಿಗೆ ಊರೇ ಎದ್ದಿತು. ಸಭೆಯಲ್ಲಿ ಒಂಬತ್ತು ದಿನ ಚರ್ಚೆ ನಡೆದು, ಎರಡೂ ಕಡೆಯವರ ಗಂಟಲು ಒಣಗಿ, ಬುಧವಾರ ಮಧ್ಯಾಹ್ನ ವೋಟು ಎಂದು ಗೊತ್ತಾಯಿತು. ತೆರಿಗೆ ಬಿದ್ದರೆ ಸರ್ಕಾರವೂ ಬಿದ್ದಂತೆ.

ಸರ್ಕಾರದ ತಲೆ ಎಣಿಸುವ ಕೆಲಸ ಮಿಸ್ಟರ್ ಫೆನ್‌ವಿಕ್ ಎಂಬ ಮುಖ್ಯ ಸಚೇತಕನದು. ಒಣಕಲು ಮನುಷ್ಯ, ಮೀಸೆ ಸದಾ ಕುಣಿಯುತ್ತಿತ್ತು. ಸೋಮವಾರ ಅವನು ಡೌನಿಂಗ್ ಸ್ಟ್ರೀಟಿನ ಪ್ರಧಾನಿ ನಿವಾಸಕ್ಕೆ ಓಡಿ ಬಂದು, ಲೆಕ್ಕ ಸರಿಹೋಗಿದೆ, ನಮ್ಮವರು ಇನ್ನೂರ ಎಂಬತ್ತೇಳು, ಅವರು ಇನ್ನೂರ ಎಂಬತ್ತಾರು, ಒಂದು ವೋಟಿನಿಂದ ಗೆಲ್ಲುತ್ತೇವೆ ಎಂದ. ಈ ಎಣಿಕೆಯಲ್ಲಿ ನಾನಿದ್ದೇನೆಯೇ ಎಂದು ಸರ್ ಆಂಬ್ರೋಸ್ ಕೇಳಿದರು.

“ನೀವಿಲ್ಲ ಸರ್. ಆ ಕಡೆ ಕರ್ನಲ್ ಹಾಬ್ಡೇ ಅವರೂ ಇಲ್ಲ. ನೀವಿಬ್ರೂ ಜೋಡಿ ಅಲ್ವಾ. ನೀವು ಬರ್ದೇ ಇದ್ರೂ ಗೆಲ್ತೀವಿ. ಕೈಮುಗಿದು ಕೇಳ್ಕೋತೀನಿ ಸರ್, ಬುಧವಾರ ಮನೇಲೇ ಇರಿ.”

ಜೋಡಿಯ ಸಂಗತಿ ಹೀಗೆ. ಆ ಸಭೆಯಲ್ಲಿ ಒಬ್ಬ ಸದಸ್ಯನಿಗೆ ಬರಲಾಗದಿದ್ದರೆ, ಎದುರು ಪಕ್ಷದ ಒಬ್ಬನ ಜೊತೆ ಮಾತಾಡಿಕೊಂಡು, ನಾನೂ ಬರುವುದಿಲ್ಲ ನೀನೂ ಬರಬೇಡ ಎಂದು ಒಪ್ಪಂದ ಮಾಡಿಕೊಳ್ಳುತ್ತಾನೆ. ಇಬ್ಬರ ವೋಟೂ ವಜಾ. ಕಾಗದವಿಲ್ಲ, ಸಹಿಯಿಲ್ಲ, ಬರೀ ಬಾಯಿಮಾತು. ಕಟ್ಟಿಕೊಂಡವಳನ್ನು ಬಿಟ್ಟವನನ್ನು ಕ್ಲಬ್ಬಿನಲ್ಲಿ ಊಟಕ್ಕೆ ಕರೆದಾರು, ಜೋಡಿಯ ಮಾತು ಮುರಿದವನನ್ನು ಯಾರೂ ಕರೆಯುವುದಿಲ್ಲ. ಸರ್ ಆಂಬ್ರೋಸ್ ಮತ್ತು ಎದುರು ಪಕ್ಷದ ಕರ್ನಲ್ ಜಾಸ್ಪರ್ ಹಾಬ್ಡೇ ಇಪ್ಪತ್ತೆರಡು ವರ್ಷದಿಂದ ಜೋಡಿ. ಮುಖ್ಯವಾದ ವೋಟು ಬಂತೆಂದರೆ ಸಾಕು, ಇಬ್ಬರೂ ದೇಶವನ್ನು ಅದರ ಪಾಡಿಗೆ ಬಿಟ್ಟು ಪಿಮ್ಲಿಕೋದ ಕರ್ನಲ್ ಮನೆಯಲ್ಲಿ ಕೂತು ಚದುರಂಗ ಆಡುತ್ತಿದ್ದರು. ಪಾರ್ಲಿಮೆಂಟಿನಲ್ಲಿ ಅವರು ವೈರಿಗಳು ಎಂಬುದು ಅವರಿಬ್ಬರಿಗೂ ಆಗಾಗ ಮರೆತೇಹೋಗುತ್ತಿತ್ತು.

ಈಗ ಕರ್ನಲ್ಲನಿಗೆ ಕಾಲಿನ ಹೆಬ್ಬೆರಳು ಬಾತು ಹಾಸಿಗೆ ಹಿಡಿಸಿತ್ತು. ಹೋದ ವಾರವೇ ಸರ್ ಆಂಬ್ರೋಸ್ ಮಾತು ಕೊಟ್ಟಿದ್ದರು, ನೀನು ಏಳುವವರೆಗೆ ನಾನೂ ವೋಟು ಹಾಕುವುದಿಲ್ಲ ಎಂದು. ಫೆನ್‌ವಿಕ್ ಹೇಳಿದಂತೆ ಮನೆಯಲ್ಲಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆದರೆ ಹೆನ್ರಿಯೆಟಾ ಹೊಸ ಟೋಪಿ ಹೊಲಿಸಿದ್ದಳು. ಸಭಾಂಗಣದಲ್ಲಿ ಹೆಂಗಸರಿಗೆ ಮೇಲಿನ ಒಂದು ಗ್ಯಾಲರಿ, ಅದಕ್ಕೆ ಕೋಳಿಗೂಡಿನ ಹಾಗೆ ಜಾಲರಿ. ಅಷ್ಟು ವರ್ಷದಲ್ಲಿ ಒಂದು ದಿನವೂ ಅಲ್ಲಿಗೆ ಕಾಲಿಡದವಳು ಈ ಬುಧವಾರ ಗಂಡ ವೋಟು ಹಾಕುವುದನ್ನು ನೋಡಲು ಬರುತ್ತೇನೆಂದಳು. ಇಬ್ಬರು ನಾದಿನಿಯರಿಗೆ, ಒಬ್ಬ ಬಿಷಪ್ಪನ ಹೆಂಡತಿಗೆ ಪತ್ರ ಬರೆದೂ ಆಗಿತ್ತು. ಅವತ್ತು ಪ್ರಧಾನಿ ಸಭೆಯಲ್ಲಿ ಕೂತು, ವೋಟಿನ ಗಂಟೆ ಹೊಡೆದಾಗ ತನ್ನ ಜಾಗದಲ್ಲೇ ಮಿಕಿಮಿಕಿ ನೋಡುತ್ತಿದ್ದರೆ? ಮನೆಯೊಳಗೆ ಬಿಚ್ಚಿಟ್ಟ ಛತ್ರಿ! ಸರ್ ಆಂಬ್ರೋಸರಿಗೆ ಕಂದು ಮೊಟ್ಟೆ ತಟ್ಟೆಯಿಂದ ಉರುಳಿಕೊಂಡು ಹೋಗುವುದು ಕಣ್ಣಿಗೆ ಕಟ್ಟಿತು. ಗಾಡಿ ಹತ್ತಿ ನೇರ ಪಿಮ್ಲಿಕೋಗೆ ಹೋದರು.

ಕರ್ನಲ್ ಹಾಬ್ಡೇ ಬಟ್ಟೆ ಸುತ್ತಿದ ಕಾಲನ್ನು ಮಣೆಯ ಮೇಲಿಟ್ಟು ಕೂತಿದ್ದ. ಮದುವೆಯಾಗದ ಮುದುಕ, ಕೆಂಪು ಮುಖ, ಎಷ್ಟೋ ಯುದ್ಧದಲ್ಲಿ ಗೆದ್ದೆನೆಂದು ಹೇಳುತ್ತಿದ್ದ. ಸರ್ ಆಂಬ್ರೋಸ್ ತಮ್ಮ ಸಂಕಟ ತೋಡಿಕೊಂಡು, ಈ ಒಂದು ಸಲ ನನ್ನನ್ನು ಮಾತಿನಿಂದ ಬಿಟ್ಟುಬಿಡು ಎಂದು ಬೇಡಿದರು. ಕರ್ನಲ್ ಆಗದೆಂದು ತಲೆಯಾಡಿಸಿದ. ಹಾಗೆ ಬಿಟ್ಟರೆ ನಮ್ಮ ಪಕ್ಷದವರು ನನ್ನ ಚರ್ಮ ಸುಲಿಯುತ್ತಾರೆ ಎಂದ. ಆಮೇಲೆ ಗಡ್ಡ ಕೆರೆದುಕೊಂಡ.

“ನಿನ್ನ ಹೆಂಡ್ತಿ ನೋಡೋಕೆ ಬರ್ತಿದಾಳೆ ಅಂತೀಯಲ್ಲ. ಹಾಗಾದ್ರೆ ಒಂದು ಕೆಲಸ ಮಾಡೋಣ ಕಣಯ್ಯ. ನಾನೇ ಬರ್ತೀನಿ. ಆಳುಗಳು ಹೊತ್ಕೊಂಡು ಬಂದು ಹಾಕ್ಲಿ ನನ್ನ. ನಾನು ನಿನ್ನ ವಿರುದ್ಧ ವೋಟು ಹಾಕ್ತೀನಿ, ನೀನು ನಿನ್ನ ಪರ ಹಾಕ್ಕೋ. ಲೆಕ್ಕ ಅಷ್ಟಕ್ಕಷ್ಟೇ.”

“ನಿನ್ನ ಕಾಲು?”

“ಕಾಲು ನಂದು. ನೋವೂ ನಂದೇ. ನಿನಗ್ಯಾಕೆ ಆ ಚಿಂತೆ?”

ಸರ್ ಆಂಬ್ರೋಸರ ಕಣ್ಣು ತುಂಬಿ ಬಂತು. ತನ್ನ ವಿರುದ್ಧ ವೋಟು ಹಾಕುವುದಕ್ಕಾಗಿ ಇಷ್ಟು ನೋವು ತಿನ್ನುವ ಗೆಳೆಯ ಯಾವ ಪ್ರಧಾನಿಗೆ ಸಿಕ್ಕಾನು? ಕೈ ಕುಲುಕಿ ಹೊರಟವರು ಬಾಗಿಲ ಬಳಿ ನಿಂತುಬಿಟ್ಟರು. ಕಿಟಕಿಯ ಪಕ್ಕ ಚದುರಂಗದ ಮಣೆ ಹನ್ನೊಂದು ವಾರದ ಹಿಂದೆ ಬಿಟ್ಟ ಹಾಗೇ ಇತ್ತು, ಮೇಲೆ ಧೂಳು. ಅವತ್ತು ಆಟದ ನಡುವೆಯೇ ಪಕ್ಷದವರು ಬಂದು ಅವರನ್ನು ಸಭೆಗೆ ಎಳೆದುಕೊಂಡು ಹೋಗಿದ್ದರು, ಅಲ್ಲಿ ತೂಕಡಿಸುತ್ತಿದ್ದಾಗಲೇ ಪ್ರಧಾನಿ ಮಾಡಿದ್ದು. ಅದಕ್ಕೆ ಸ್ವಲ್ಪ ಮುಂಚೆ ಸರ್ ಆಂಬ್ರೋಸರಿಗೆ ಒಂದರ ಮೇಲೊಂದು ಮೂರು ಸೀನು ಬಂದಿತ್ತು. ಕಣ್ಣು ಬಿಟ್ಟು ನೋಡಿದರೆ, ಇನ್ನೇನು ಕೈಗೆ ಬೀಳಬೇಕಿದ್ದ ಕರ್ನಲ್ಲನ ಮಂತ್ರಿಗೆ ಕಾವಲಾಗಿ ಒಂದು ಕಪ್ಪು ಕುದುರೆ ನಿಂತಿತ್ತು.

“ಹಾಬ್ಡೇ, ಆ ಕುದುರೆ ಅಲ್ಲಿರ್ಲಿಲ್ಲ.”

“ಅಲ್ಲೇ ಇತ್ತು.”

ಹೊರಗೆ ಗಾಡಿಯವನು ಕಾಯುತ್ತಿದ್ದ. ಜಗಳಕ್ಕೆ ಪುರುಸೊತ್ತಿರಲಿಲ್ಲ. ಸರ್ ಆಂಬ್ರೋಸ್ ಆ ಕುದುರೆಯನ್ನು ಮನಸ್ಸಿನೊಳಗೇ ಹೊತ್ತುಕೊಂಡು ಹೋದರು.

ಬುಧವಾರ ಬಂತು. ಸುದ್ದಿ ಕೇಳಿ ಫೆನ್‌ವಿಕ್ ಬೆಳಗಿನಿಂದ ಏನೂ ತಿಂದಿರಲಿಲ್ಲ. ಇಬ್ಬರೂ ಬಂದರೂ ಗೆಲುವು ಒಂದೇ ವೋಟಿನದು, ಹಾಗಾದರೆ ಬರುವುದು ಯಾಕೆ ಸರ್ ಎಂದು ನಾಲ್ಕು ಸಲ ಕೇಳಿದ. ಸರ್ ಆಂಬ್ರೋಸ್ ಮೇಲಿನ ಜಾಲರಿಯ ಕಡೆ ನೋಡಿದರು. ಅದರ ಹಿಂದೆ ಹಸಿರು ಗರಿಯ ಟೋಪಿಯೊಂದು ಮಿಸುಕಾಡಿತು. ಎದೆ ಉಬ್ಬಿಸಿ ಕೂತರು.

ಸ್ಪೀಕರ್ ಪ್ರಶ್ನೆ ಮುಂದಿಟ್ಟರು. ಹೌದು ಅನ್ನುವವರು ಬಲಗಡೆಯ ಪಡಸಾಲೆಗೆ, ಇಲ್ಲ ಅನ್ನುವವರು ಎಡಗಡೆಯ ಪಡಸಾಲೆಗೆ ನಡೆಯಬೇಕು. ಮೇಜಿನ ಮೇಲೆ ಮರಳಿನ ಗಡಿಯಾರ ತಿರುವಿಟ್ಟರು. ಎರಡು ನಿಮಿಷ. ಮರಳು ಇಳಿದ ಮೇಲೆ ಬಾಗಿಲು ಹಾಕುತ್ತಾರೆ, ಯಾವ ಪಡಸಾಲೆಯಲ್ಲಿ ಸಿಕ್ಕಿಕೊಂಡಿರೋ ಅದೇ ನಿಮ್ಮ ವೋಟು.

ಆಗ ಎದುರು ಬಾಗಿಲಲ್ಲಿ ಇಬ್ಬರು ಆಳುಗಳು ಕರ್ನಲ್ ಹಾಬ್ಡೇಯನ್ನು ಕುರ್ಚಿ ಸಮೇತ ಇಳಿಸಿದರು. ಸದಸ್ಯರಲ್ಲದವರು ಅಲ್ಲಿಂದ ಒಳಗೆ ಒಂದು ಹೆಜ್ಜೆಯನ್ನೂ ಇಡುವಂತಿಲ್ಲ. ಆಳುಗಳು ನಿಂತರು. ಕರ್ನಲ್ಲನ ಪಕ್ಷದವರೆಲ್ಲ, ಇನ್ನೊಬ್ಬ ಕರೆತರುತ್ತಾನೆ ಬಿಡು ಎಂದುಕೊಂಡು ಎಡ ಪಡಸಾಲೆಗೆ ನುಗ್ಗಿಬಿಟ್ಟಿದ್ದರು. ಮುದುಕ ಬಾಗಿಲಿನ ಕಂಬ ಹಿಡಿದು ಒಂಟಿಕಾಲಿನಲ್ಲಿ ಓಲಾಡುತ್ತ ನಿಂತ. ಯಾರಿಗಾಗಿ ಅವನು ಬಂದದ್ದು? ಸರ್ ಆಂಬ್ರೋಸ್ ಎದ್ದರು. ಹತ್ತು ಹೆಜ್ಜೆ ತಾನೆ, ಅವನನ್ನು ಎಡಬಾಗಿಲವರೆಗೆ ಬಿಟ್ಟು ತಿರುಗಿ ಬಂದರಾಯಿತು ಎಂದು ಹೋಗಿ ತೋಳು ಕೊಟ್ಟರು.

ಐದನೆಯ ಹೆಜ್ಜೆಗೆ ಸರ್ ಆಂಬ್ರೋಸರಿಗೆ ತಡೆಯಲಾಗಲಿಲ್ಲ.

“ನಾನು ಸೀನೋಕೆ ಮುಂಚೆ ಆ ಕುದುರೆ ಮೂಲೇಲಿತ್ತು.”

“ಮೂಲೇಲಿದ್ದಿದ್ದು ಬಿಳೀ ಕುದುರೆ ಕಣಯ್ಯ. ನಿಂದು.”

“ನನ್ನ ಎರಡೂ ಕುದುರೆ ನೀನು ಅವತ್ತು ಟೀ ಬರೋ ಮುಂಚೇನೇ ತಿಂದಿದ್ದೆ. ಮೂಲೇಲಿ ನಂದು ಹ್ಯಾಗೆ ಬರುತ್ತೆ?”

ಕರ್ನಲ್ ನಿಂತ. ಇದು ಗಟ್ಟಿ ವಾದ. ಮಂತ್ರಿ ಎಲ್ಲಿತ್ತು, ಆನೆ ಎಲ್ಲಿತ್ತು ಎಂದು ಸರ್ ಆಂಬ್ರೋಸ್ ಗಾಳಿಯಲ್ಲೇ ಮಣೆ ಬರೆದು ಬೆರಳಿನಿಂದ ತೋರಿಸತೊಡಗಿದರು. ಮಂತ್ರಿಯನ್ನು ಹಿಂದಕ್ಕೆಳೆದು ಆನೆಯನ್ನು ಮುಂದಿಡುವ ಹೊತ್ತಿಗೆ ಇಬ್ಬರೂ ಎಡ ಪಡಸಾಲೆಯ ಹೊಸ್ತಿಲು ದಾಟಿ ಆಗಿತ್ತು.

ಎಣಿಕೆಯವನಾದ್ದರಿಂದ ವೋಟಿಲ್ಲದೆ ಸಭೆಯಲ್ಲೇ ಉಳಿದು ಇದನ್ನು ಕಂಡ ಫೆನ್‌ವಿಕ್‌ನ ಮೀಸೆ ಕುಣಿತ ನಿಲ್ಲಿಸಿತು. ಗಡ್ಡಕ್ಕೆ ಬೆಂಕಿ ಹತ್ತಿತ್ತು, ಆದರೆ ಬಾವಿ ತೋಡುವುದಕ್ಕೂ ಆ ಸಭೆಯಲ್ಲಿ ಒಂದು ಪದ್ಧತಿ. ವೋಟು ಶುರುವಾದ ಮೇಲೆ ಸ್ಪೀಕರ್‌ಗೆ ಏನಾದರೂ ಹೇಳಬೇಕೆಂದರೆ ಎದ್ದು ನಿಲ್ಲಬಾರದು. ಕೂತುಕೊಂಡು, ತಲೆಯ ಮೇಲೆ ಟೋಪಿ ಇಟ್ಟುಕೊಂಡು ಹೇಳಬೇಕು. ಟೋಪಿಯಿಲ್ಲದವನ ಮಾತು ಸ್ಪೀಕರ್ ಕಿವಿಗೆ ಬೀಳುವುದಿಲ್ಲ. ಫೆನ್‌ವಿಕ್ ತನ್ನ ಟೋಪಿಯನ್ನು ಬೆಳಿಗ್ಗೆ ಜಾಗ ಹಿಡಿಯಲೆಂದು ಬೆಂಚಿನ ಮೇಲೆ ಇಟ್ಟಿದ್ದ, ಅದರ ಮೇಲೆ ಯಾರೋ ಮೂರು ಗಂಟೆ ಕಾಲ ಕೂತಿದ್ದರು. ಅದೀಗ ರೊಟ್ಟಿಯಾಗಿತ್ತು. ತಲೆಗಿಟ್ಟರೆ ಜಾರಿತು. ಪಕ್ಕದಲ್ಲಿ ಬಿದ್ದಿದ್ದ ಇನ್ನೊಂದು ಟೋಪಿಯನ್ನು ಹೇರಿಕೊಂಡ. ಅದು ಇಡೀ ಸಭೆಯಲ್ಲೇ ಅತಿ ದೊಡ್ಡ ತಲೆಯವರದು. ಗದ್ದದವರೆಗೆ ಇಳಿದು ಮೀಸೆಯನ್ನೂ ನುಂಗಿತು. ಫೆನ್‌ವಿಕ್ ಒಳಗಿನಿಂದಲೇ ಕೂಗಿಕೊಂಡ. ಟೋಪಿಯೊಳಗೆ ಜೇನ್ನೊಣ ಹೊಕ್ಕ ಹಾಗೆ ಸದ್ದು ಕೇಳಿಸಿತು, ಅಷ್ಟೆ. ಮಾತಾಡುತ್ತಿರುವ ಗೌರವಾನ್ವಿತ ಸದಸ್ಯರು ಯಾರೆಂದು ಸ್ಪೀಕರ್ ಎರಡು ಸಲ ಗಂಭೀರವಾಗಿ ವಿಚಾರಿಸಿದರು. ಅಷ್ಟರಲ್ಲಿ ಮರಳು ಇಳಿದು ಬಾಗಿಲು ಬಿತ್ತು.

ಕೊನೆಗೂ ಟೋಪಿಯನ್ನು ಹಿಂದಕ್ಕೆ ಸರಿಸಿ, ಪ್ರಧಾನಿಗಳು ಮರೆತು ಎಡಗಡೆ ಹೋಗಿದ್ದಾರೆ ಎಂದು ಅವನು ಅರುಹಿದಾಗ ಸ್ಪೀಕರ್ ಕನ್ನಡಕ ಒರೆಸಿಕೊಂಡರು. ಸದಸ್ಯರ ಕಾಲು ಎಲ್ಲಿಗೆ ಹೋಗಿದೆ ಎಂಬುದಷ್ಟೇ ಈ ಸಭೆಗೆ ಸಂಬಂಧಪಟ್ಟ ವಿಷಯ, ತಲೆ ಎಲ್ಲಿತ್ತು ಎಂದು ವಿಚಾರಿಸುವ ಸಂಪ್ರದಾಯವಿಲ್ಲ ಎಂದು ತೀರ್ಪಿತ್ತರು.

ಒಳಗೆ, ಎಡ ಪಡಸಾಲೆಯಲ್ಲಿ, ಎದುರು ಪಕ್ಷದವರೆಲ್ಲ ಪ್ರಧಾನಿಗೆ ದಾರಿ ಬಿಟ್ಟು ಗೋಡೆಗೆ ಒತ್ತಿಕೊಂಡಿದ್ದರು. ಕರೆಯದೆ ಬಂದ ಅತಿಥಿಗೆ ನೀವ್ಯಾಕೆ ಬಂದಿರಿ ಎಂದು ಕೇಳುವುದು ಅಸಭ್ಯತನ. ಅಲ್ಲದೆ ಇಂಥ ಆಳವಾದ ಮನುಷ್ಯ ಸುಮ್ಮನೆ ಬಂದಾನೆಯೇ, ಇದರಲ್ಲೇನೋ ಭಾರೀ ತಂತ್ರವಿದೆ ಎಂದು ಅವರ ನಾಯಕ ಬೆವರುತ್ತಿದ್ದ. ಸರ್ ಆಂಬ್ರೋಸ್ ಇದ್ಯಾವುದನ್ನೂ ಕಾಣದೆ ಕುದುರೆಯನ್ನು ಮೂಲೆಗೆ ಅಟ್ಟಿ ಜಯಶಾಲಿಯಾಗಿ ತಲೆಯೆತ್ತಿದಾಗ ಎದುರಿಗೆ ಹೆಸರು ಬರೆದುಕೊಳ್ಳುವ ಗುಮಾಸ್ತನಿದ್ದ. ಅವನ ಲೇಖನಿ ಗಾಳಿಯಲ್ಲೇ ನಿಂತಿತ್ತು.

“ಸರ್, ನೀವು ಎಡಗಡೆ ಇದೀರಿ,” ಎಂದ ಮೆಲ್ಲಗೆ.

“ಹೌದಾ? ಬಲಗಡೆ ಯಾರಿದಾರೆ?”

“ನಿಮ್ಮ ಸರ್ಕಾರ ಸರ್.”

ಸರ್ ಆಂಬ್ರೋಸ್ ಸುತ್ತ ನೋಡಿದರು. ಪರಿಚಯದ ಮುಖಗಳೇ, ಆದರೆ ಎಲ್ಲ ಎದುರು ಬೆಂಚಿನವು. ಅವರ ಮುಖ ಇಂಗು ತಿಂದ ಮಂಗನಂತಾಯಿತು. ಅವರಿಗಿಂತ ಮೊದಲು ಲೆಕ್ಕ ಹಾಕಿದವನು ಕರ್ನಲ್. ಒಂದು ಆ ಕಡೆ ಕಳೆದು ಒಂದು ಈ ಕಡೆ ಕೂಡಿದರೆ ಗೆಳೆಯ ಮುಳುಗಿದ! ಮುದುಕನ ಕೆಂಪು ಮುಖ ಬಿಳಿಚಿಕೊಂಡಿತು. ನಾನು ವೋಟು ಹಾಕುವುದೇ ಇಲ್ಲ, ಯಾರು ಏನು ಮಾಡುತ್ತೀರೋ ಮಾಡಿ ಎಂದು ಅಲ್ಲೇ ನೆಲದ ಮೇಲೆ ಉದ್ದಕ್ಕೆ ಮಲಗಿಬಿಟ್ಟ. ಎಣಿಸುವವರು ಬಂದು ಬಗ್ಗಿ ನೋಡಿ, ಮಲಗಿರುವ ಸದಸ್ಯರೂ ಸದಸ್ಯರೇ ಎಂದು ಎಣಿಸಿಕೊಂಡು ಹೋದರು.

ಹೌದು ಇನ್ನೂರ ಎಂಬತ್ತೇಳು, ಇಲ್ಲ ಇನ್ನೂರ ಎಂಬತ್ತೆಂಟು.

ಇಬ್ಬರೂ ಪಿಮ್ಲಿಕೋದಲ್ಲಿ ಚದುರಂಗ ಆಡುತ್ತ ಕೂತಿದ್ದರೆ ಸರ್ಕಾರ ಉಳಿಯುತ್ತಿತ್ತು. ಪ್ರಧಾನಿ ಏನಾದರೂ ಹೇಳಬೇಕು. ಸರ್ ಆಂಬ್ರೋಸ್ ಎದ್ದು, ಜೇಬಿನಿಂದ ಕಾಗದ ತೆಗೆದು, ಬಹಳ ಹೊತ್ತು ನೋಡಿ, “ಪರಿಶೀಲನೆಯಲ್ಲಿದೆ” ಎಂದು ಕೂತರು. ಎರಡೂ ಕಡೆಯವರು ನಕ್ಕ ನಗುವಿಗೆ ದೀಪದ ಗಾಜು ನಡುಗಿತಂತೆ. ಅವರಿಗೆ ಅದು ಕೇಳಿಸಲಿಲ್ಲ. ಜಾಲರಿಯ ಕಡೆ ಕಣ್ಣೆತ್ತಿ ನೋಡುವ ಧೈರ್ಯ ಬರಲಿಲ್ಲ.

ಹೆನ್ರಿಯೆಟಾ ಹೆಂಗಸರ ಮೆಟ್ಟಿಲ ಕೆಳಗೆ ಒಬ್ಬಳೇ ನಿಂತಿದ್ದಳು. ನಾದಿನಿಯರನ್ನೂ ಬಿಷಪ್ಪನ ಹೆಂಡತಿಯನ್ನೂ ತಮ್ಮ ಗಾಡಿಯಲ್ಲಿ ಕೂರಿಸಿ ಕಳಿಸಿಬಿಟ್ಟಿದ್ದಳು. ನಡೆದೇ ಹೋಗೋಣ ಎಂದಳು, ಅಷ್ಟೆ. ಸಂಜೆ ನಾಲ್ಕು ಗಂಟೆ, ಜಿನುಗು ಮಳೆ. ಸರ್ ಆಂಬ್ರೋಸ್ ತೆರಿಗೆಯಿಂದ ಪಾರಾದ ತಮ್ಮ ಛತ್ರಿಯನ್ನು ಬಿಚ್ಚಿ ಆಕೆಯ ತಲೆಯ ಮೇಲೆ ಹಿಡಿದು, ತಮ್ಮ ಭುಜವನ್ನು ಮಳೆಗೆ ಕೊಟ್ಟು ನಡೆದರು. ಸುದ್ದಿ ಅವರಿಗಿಂತ ಮುಂಚೆ ಬೀದಿಗೆ ಬಂದಿತ್ತು. ಪ್ರಧಾನಿ ತಾನೇ ತಂದ ತೆರಿಗೆಯನ್ನು ತಾನೇ ಬೀಳಿಸಿದನಂತೆ, ಎಂಥ ಧರ್ಮಾತ್ಮ ಎಂದು ಬಾಡಿಗೆ ಗಾಡಿಯವನೊಬ್ಬ ಛತ್ರಿಯೆತ್ತಿ ಜೈಕಾರ ಹಾಕಿದ. ಮೀನು ಮಾರುವ ಹೆಂಗಸೊಬ್ಬಳು ದೇವರು ನಿಮ್ಮನ್ನು ಚೆನ್ನಾಗಿಡಲಿ ಎಂದಳು. ಮೂವತ್ತೆರಡು ವರ್ಷದ ರಾಜಕೀಯದಲ್ಲಿ ಜನ ಅವರನ್ನು ಹರಸಿದ್ದು ಅದೊಂದೇ ದಿನ. ಆದರೆ ಹೆಂಡತಿ ಮಾತಾಡುತ್ತಿಲ್ಲವಲ್ಲ. ಅವರು ಮನಸ್ಸಿನಲ್ಲೇ ಮೂರು ನೆಪ ಜೋಡಿಸಿಕೊಂಡರು, ಮೂರೂ ಒಂದಕ್ಕಿಂತ ಒಂದು ಕಳಪೆ.

“ಮೇಲಿನಿಂದ ಎಲ್ಲಾ ಕಾಣ್ತಿತ್ತು,” ಎಂದಳು ಹೆನ್ರಿಯೆಟಾ ಕೊನೆಗೆ. “ನೀವು ಎದ್ದು ಹೋಗಿ ಅವರಿಗೆ ತೋಳು ಕೊಟ್ರಿ. ಅಲ್ಲೀವರೆಗೂ ಚೆನ್ನಾಗಿತ್ತು. ಆಮೇಲೆ ಮಾತಾಡೋಕೆ ಶುರು ಮಾಡಿದ್ರಿ. ಕೈ ಬೀಸ್ತೀರಿ, ಬೆರಳು ತೋರಿಸ್ತೀರಿ, ನಿಂತ್ಕೋತೀರಿ, ಮತ್ತೆ ನಡೀತೀರಿ. ಇದು ಯಾರಪ್ಪಾ ಈ ಮನುಷ್ಯ ಅಂದ್ಕೊಂಡೆ.”

“ಹೆನ್ರಿಯೆಟಾ, ಅದು ನಿಜವಾಗಿ…”

“ಮೂವತ್ತೊಂದು ವರ್ಷದಿಂದ ನಿಮ್ಮ ಜೊತೆ ನಡೀತಿದೀನಿ. ಪ್ರತಿ ಭಾನುವಾರ ಚರ್ಚಿಗೆ ಹೋಗಿ ಬಂದಿದೀವಿ. ಒಂದು ಸಲಾನಾದ್ರೂ ನೀವು ನನ್ನ ಹತ್ರ ಮಾತಾಡ್ತಾ ದಾರಿ ತಪ್ಪಿದ್ದುಂಟಾ?”

ಜೋಡಿಸಿಕೊಂಡಿದ್ದ ಮೂರು ನೆಪದಲ್ಲಿ ಒಂದೂ ಇದಕ್ಕೆ ಹೊಂದುವಂಥದ್ದಲ್ಲ. ಈಕೆಗೆ ನನ್ನ ಮಾತು ಬೇಡ ಎಂದು ಅವರು ಇಷ್ಟು ವರ್ಷ ಸುಮ್ಮನಿದ್ದರು. ಇವರಲ್ಲಿ ಮಾತೇ ಇಲ್ಲ ಎಂದು ಆಕೆ ಇಷ್ಟು ವರ್ಷ ಕೇಳದೆ ಇದ್ದಳು. ಸರ್ಕಾರ ಬಿದ್ದಾಗ ಆಗದ ನಾಚಿಕೆ ಅವರಿಗೆ ಈಗ ಆಯಿತು. ಪಾಪ, ಛತ್ರಿಯನ್ನು ಇನ್ನಷ್ಟು ಅವಳ ಕಡೆಗೆ ವಾಲಿಸಿದರು.

“ಅಷ್ಟೊಂದು ಏನು ಮಾತಾಡ್ತಿದ್ರಿ?” ಎಂದು ಆಕೆಯೇ ಕೇಳಿದಳು.

“ಕುದುರೆ.”

“ಯಾವ ಕುದುರೆ?”

ಸರ್ ಆಂಬ್ರೋಸ್ ಹೇಳತೊಡಗಿದರು. ಮೊದಲು ತಡವರಿಸಿದರು, ಆಮೇಲೆ ಮಣೆ ಕಣ್ಣಿಗೆ ಬಂತು. ಮೂರು ಸೀನು, ಮಂತ್ರಿ, ಟೀಗೆ ಮುಂಚೆ ಹೋದ ತಮ್ಮ ಎರಡು ಬಿಳಿ ಕುದುರೆ, ಮೂಲೆಯಲ್ಲಿದ್ದ ಕಪ್ಪು ಕುದುರೆ. ಹೆನ್ರಿಯೆಟಾಗೆ ಚದುರಂಗ ಬರುತ್ತಿರಲಿಲ್ಲ. ಕುದುರೆ ಹೇಗೆ ಹಾರುತ್ತದೆ ಎಂದು ಕೇಳಿದಳು. ಸರ್ ಆಂಬ್ರೋಸ್ ಛತ್ರಿಯನ್ನು ಆಕೆಯ ಕೈಗೆ ಕೊಟ್ಟು, ಒದ್ದೆ ಕಲ್ಲುಹಾಸಿನ ಮೇಲೆ ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಪಕ್ಕಕ್ಕೆ ಹಾರಿ ತೋರಿಸಿದರು. ಆಕೆ ಮೂವತ್ತೊಂದು ವರ್ಷದಲ್ಲಿ ನಗದ ಹಾಗೆ ನಕ್ಕಳು. ಮೂಲೆಯಿಂದ ಅಲ್ಲಿಗೆ ಒಂದೇ ನೆಗೆತಕ್ಕೆ ಬರಲು ಸಾಧ್ಯವೇ ಇಲ್ಲವಲ್ಲ ಎಂದಳು. ಅದನ್ನೇ ನಾನೂ ಹೇಳಿದ್ದು ಎಂದರು ಅವರು. ಡೌನಿಂಗ್ ಸ್ಟ್ರೀಟಿನ ತಿರುವಿನಲ್ಲಿ ಕಾವಲಿನ ಪೇದೆ ಸಲಾಮು ಹೊಡೆದ. ಅವರು ನೋಡದೆ ಮುಂದೆ ಹೋದರು.

ಚೇರಿಂಗ್ ಕ್ರಾಸಿನ ಹತ್ತಿರ ಬಂದಾಗ ಸರ್ ಆಂಬ್ರೋಸರಿಗೆ ಥಟ್ಟನೆ ಎಚ್ಚರವಾಯಿತು. ಅವರು ಗಾಬರಿಯಿಂದ ನಿಂತರು.

“ಹೆನ್ರಿಯೆಟಾ, ನಮ್ಮ ಬೀದಿ ಹಿಂದೆ ಹೋಯ್ತು.”

“ಹೋದ್ರೆ ಹೋಗ್ಲಿ ಬಿಡಿ, ಆ ಮನೆ ಇನ್ನು ನಮ್ಮದಲ್ಲ,” ಎಂದು ಹೆನ್ರಿಯೆಟಾ ಅವರ ತೋಳಿನೊಳಗೆ ತೋಳು ಸೇರಿಸಿದಳು. “ನಿಮಗೇನನ್ನಿಸುತ್ತೆ, ಕರ್ನಲ್ಲು ಬೇಕಂತಲೇ ಸರಿಸಿದ್ರಾ?”